ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ಕಿಲೋಮೀಟರ್ ಭಾಗಿಸಿ ಗಂಟೆ ತೆಗೀಬೇಡಿ

ಮೇಡಂ, ಅಮ್ಮ ನವೆಂಬರ್ 20ಕ್ಕೆ ಒಬ್ಬರೇ ಫ್ರಾಂಕ್‌ಫರ್ಟ್ ಮೇಲೆ ಹೊರಟಿದ್ದಾರೆ, 14,000 ಕಿ.ಮೀ. ಭಾಗಿಸು 900 ಅಂದ್ರೆ ಹದಿನೈದೂವರೆ ಗಂಟೆ, ಬಿಪಿ ಮಾತ್ರೆ ಅದರ ಪ್ರಕಾರ ಹೊಂದಿಸಿದ್ದೇನೆ, ಟೈಮಿನ ವ್ಯತ್ಯಾಸ 12.30 ಗಂಟೆ ಹಿಡಿದಿದ್ದೇನೆ ಅಂತ ನಮ್ಮ ಗುಂಪಿನಲ್ಲಿ ಬರೆದಿದ್ದೀರಿ. ದಯವಿಟ್ಟು ಆ ಲೆಕ್ಕ ಬಿಡಿ. ತಂದೆಯವರನ್ನು ಕಳಿಸುವಾಗ ನಾನೂ ಇದನ್ನೇ ನಂಬಿದ್ದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿರೋದು.

14,000 ತಪ್ಪಲ್ಲ. ಆದರೆ ಅದು ಗ್ಲೋಬ್ ಮೇಲೆ ದಾರ ಬಿಗಿಹಿಡಿದು ಅಳೆದ ದೂರ, ಚೀನಾ, ಸೈಬೀರಿಯಾ ದಾಟಿ ಹೋಗೋದು. ಫ್ರಾಂಕ್‌ಫರ್ಟ್ ಮೇಲೆ ಸುಮಾರು 16,500 ಆಗುತ್ತೆ. ಪಶ್ಚಿಮಕ್ಕೆ ಹೋಗುವಾಗ ಮೇಲಿನ ಗಾಳಿ ಎದುರು, ಚಳಿಗಾಲದಲ್ಲಂತೂ ಇನ್ನೂ ಜೋರು. ಫ್ರಾಂಕ್‌ಫರ್ಟಲ್ಲಿ ಮುಂದಿನ ವಿಮಾನಕ್ಕೆ ಕಾಯೋ ಹೊತ್ತು ಬೇರೆ. ದೆಹಲಿ ಮೇಲಾದರೆ ದೂರ ಅಷ್ಟೇನೂ ಬೆಳೆಯಲ್ಲ.

ಟಿಕೆಟ್‌ನಲ್ಲಿರೋ ಪ್ರತಿ ಟೈಮನ್ನೂ ಭಾರತದ ಟೈಮಿಗೆ ತಿರುಗಿಸಿ ಬರೆದು, ಆಮೇಲೆ ಕಳೆಯಿರಿ. ನನಗೆ ಕೈಹಿಡಿದದ್ದು ಇದೊಂದೇ. ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಬಂದ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನೇ ನೋಡಿ, ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಮಹಿಳಾ ಪೈಲಟ್‌ಗಳು ಉತ್ತರ ಧ್ರುವದ ಮೇಲೆ ಹಾರಿಸಿ ತಂದದ್ದು. ವೇಳಾಪಟ್ಟಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಬಿಡೋದು 2021ರ ಜನವರಿ 9, ರಾತ್ರಿ 8.30. ಬೆಂಗಳೂರು ತಲುಪೋದು 11ರ ಬೆಳಗಿನ ಜಾವ 3.45. ಹಾಗೇ ಕಳೆದರೆ ಮೂವತ್ತೊಂದು ಗಂಟೆ ದಾಟುತ್ತೆ. ಚಳಿಗಾಲದಲ್ಲಿ ನಮ್ಮ ಟೈಮ್ ಅಲ್ಲಿಗಿಂತ ಹದಿಮೂರೂವರೆ ಗಂಟೆ ಮುಂದೆ, ಹಾಗಾಗಿ ಹೊರಟ ಟೈಮಿಗೆ 13.30 ಕೂಡಿಸಿ: ನಮ್ಮಲ್ಲಿ ಆಗ 10ರ ಬೆಳಗ್ಗೆ ಹತ್ತು ಗಂಟೆ. ಅಂದರೆ ಪ್ರಯಾಣ ಹದಿನೇಳೂಮುಕ್ಕಾಲು ಗಂಟೆ.

ನೀವು 12.30 ಹಿಡಿದಿದ್ದೀರಿ, ಅದು ಬೇಸಿಗೆ ಲೆಕ್ಕ. ಅಮೆರಿಕದಲ್ಲಿ ನವೆಂಬರ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಿಡ್ತಾರೆ, ಮಾರ್ಚ್ ಎರಡನೇ ಭಾನುವಾರ ಮುಂದಿಡ್ತಾರೆ. ಯೂರೋಪಿನವರು ಅಕ್ಟೋಬರ್ ಕೊನೆಯ ಭಾನುವಾರವೇ ಹಿಂದಿಟ್ಟಿರ್ತಾರೆ, ಹಾಗಾಗಿ ಫ್ರಾಂಕ್‌ಫರ್ಟ್ ಟೈಮಿಗೆ 4.30 ಕೂಡಿಸಿ. ವಾಪಸ್ ಟಿಕೆಟ್ ಏಪ್ರಿಲ್‌ನಲ್ಲಿದ್ದರೆ ಎಲ್ಲ ಹೊಸದಾಗಿ ಹಾಕಬೇಕು.

ಇನ್ನು ಗಡಿಯಾರ. ಸ್ಮಾರ್ಟ್‌ವಾಚ್ ಬೇಡವೇ ಬೇಡ, ಫೋನಿಗೆ ನೆಟ್‌ವರ್ಕ್ ಸಿಕ್ಕಿದ ಕೂಡಲೇ ಅದೂ ಟೈಮ್ ಬದಲಿಸಿಬಿಡುತ್ತೆ. ಮನೆಯಲ್ಲಿ ಹಳೆಯ ಎಚ್‌ಎಂಟಿ ಇದ್ದರೆ ಕಟ್ಟಿ ಕಳಿಸಿ, ಮುಳ್ಳು ಭಾರತದ ಟೈಮಿನಲ್ಲೇ ಇರಲಿ. ಕೀ ಕೊಡೋ ಜನತಾ ಮಾದರಿ ಆದರೆ ಫ್ರಾಂಕ್‌ಫರ್ಟಲ್ಲಿ ಮತ್ತೊಮ್ಮೆ ಕೀ ಕೊಡೋಕೆ ಹೇಳಿ. ಮಾತ್ರೆ ಸ್ಟ್ರಿಪ್‌ನ ಹಿಂದೆ ಮಾರ್ಕರ್‌ನಲ್ಲಿ ಭಾರತದ ಟೈಮ್ ಬರೆದರೆ ಅಮ್ಮನಿಗೆ ಗೊಂದಲವೇ ಇರಲ್ಲ. ಅಲ್ಲಿಗೆ ಹೋದ ಮೇಲೆ ಹೇಗೆ ಬದಲಿಸಬೇಕು ಅನ್ನೋದನ್ನ ಮಾತ್ರ ಡಾಕ್ಟರನ್ನೇ ಕೇಳಿ, ಗುಂಪಿನಲ್ಲಿ ಕೇಳಬೇಡಿ. ಮಾತ್ರೆ, ಚೀಟಿ ಎರಡೂ ಕೈಚೀಲದಲ್ಲೇ ಇರಲಿ.

ಅಲ್ಲಿ ಏರ್‌ಪೋರ್ಟಿಂದ ಕರೆದುಕೊಂಡು ಹೋಗೋರಿಗೆ ವಿಮಾನಗಳ ಜಾಡು ತೋರಿಸೋ ಫ್ಲೈಟ್‌ಅವೇರ್ ಸೈಟ್ ನೋಡೋಕೆ ಹೇಳಿ, ಅದೇ ವಿಮಾನ ಹಿಂದಿನ ದಿನಗಳಲ್ಲಿ ನಿಜಕ್ಕೂ ಎಷ್ಟಕ್ಕೆ ಇಳೀತು ಅಂತ ಸಿಗುತ್ತೆ. ಟಿಕೆಟ್ ಸೈಟುಗಳಿಗಿಂತ ನನಗೆ ಅದರ ಮೇಲೇ ನಂಬಿಕೆ. ಇಳಿದ ಮೇಲೂ ಇಮಿಗ್ರೇಷನ್ ಸಾಲು ಇದೆ, ವೀಲ್‌ಚೇರ್ ಈಗಲೇ ಹಾಕಿಸಿ.

ಕೆಳಗೆ ಕಾಮೆಂಟಿನಲ್ಲಿ ಷಿಕಾಗೊ ಮೇಲೆ ಹೋಗೋ ಟಿಕೆಟ್ ಬಗ್ಗೆ ಕೇಳಿದವರೇ, ಇಮಿಗ್ರೇಷನ್ ಷಿಕಾಗೊದಲ್ಲೇ ಆಗೋದು. ಲಗೇಜ್ ತಗೊಂಡು ಮತ್ತೆ ಕೊಡಬೇಕು. ವಿಮಾನ ಬದಲಿಸೋಕೆ ವಯಸ್ಸಾದವರಿಗೆ ಎರಡು ಗಂಟೆ ಸಾಲಲ್ಲ, ನಾಲ್ಕು ಇಟ್ಟುಕೊಳ್ಳಿ. ಎರಡೂ ವಿಮಾನ ಒಂದೇ ಪಿಎನ್ಆರ್‌ನಲ್ಲಿ, ಅಂದರೆ ಒಂದೇ ಬುಕಿಂಗ್ ನಂಬರಿನಲ್ಲಿ ಇರಲಿ.