ತಾತನ ಪದ್ಮಿನಿಗೆ ಬೇರೆ ಎಂಜಿನ್ ಹಾಕಿಸಬಹುದಾ?

ಪ್ರಶ್ನೆ: ನಮ್ಮ ತಾತನ ಪ್ರೀಮಿಯರ್ ಪದ್ಮಿನಿ 1978ರಲ್ಲಿ ನೋಂದಣಿಯಾದದ್ದು. ಹನ್ನೆರಡು ವರ್ಷದಿಂದ ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ನಿಂತಿದೆ, ಎಂಜಿನ್ ಜಾಮ್ ಆಗಿದೆ. ಅದನ್ನು ಗುಜರಿಗೆ ಹಾಕಿ ಮಾರುತಿ ಎಸ್ಟೀಮ್ ಎಂಜಿನ್ ಕೂರಿಸೋಣ ಎಂದು ಮೆಕ್ಯಾನಿಕ್ ಒಬ್ಬರು ಹೇಳುತ್ತಿದ್ದಾರೆ. ನನಗೆ ಸ್ಪ್ಯಾನರ್ ಹಿಡಿದು ಅಭ್ಯಾಸವಿಲ್ಲ. ಆದರೂ ಕೈಯಾರೆ ರೆಡಿ ಮಾಡುವ ಆಸೆ. ಎಲ್ಲಿಂದ ಶುರು ಮಾಡಲಿ?
– ಓದುಗರು, ಮದ್ದೂರು ತಾಲ್ಲೂಕು

ಉತ್ತರ: ದಯವಿಟ್ಟು ಆ ಎಂಜಿನ್ ಗುಜರಿಗೆ ಕೊಡಬೇಡಿ. ಅದು ಕೆಟ್ಟಿದೆಯೋ ಇಲ್ಲವೋ ಇನ್ನೂ ಯಾರೂ ಬಿಚ್ಚಿ ನೋಡಿಲ್ಲ, ಅಲ್ವಾ? ವರ್ಷಗಟ್ಟಲೆ ನಿಂತ ಕಾರಿನಲ್ಲಿ ಪಿಸ್ಟನ್ ರಿಂಗುಗಳು ತುಕ್ಕಿನಿಂದ ಬೋರಿಗೆ, ಅಂದರೆ ಸಿಲಿಂಡರಿನ ಒಳಗೋಡೆಗೆ, ಕಚ್ಚಿಕೊಳ್ಳುತ್ತವೆ. ಎಷ್ಟೋ ಸಲ ಜಾಮ್ ಅಂದರೆ ಅಷ್ಟೇ.

ಬ್ಯಾಟರಿ ಹಾಕಿ ಸೆಲ್ಫ್ ಹೊಡೆಯುವ ಆತುರ ಬೇಡ. ಕೆಲಸ ಕಲಿಯುವ ಕಾಲದಲ್ಲಿ ನಾನು ಹಾಗೆ ಮಾಡಿ ಒಳ್ಳೆಯ ಎಂಜಿನ್ನಿನ ರಿಂಗ್ ಮುರಿದಿದ್ದೇನೆ. ಮೊದಲು ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ. ಡೀಸೆಲ್ಲಿಗೆ ಅಷ್ಟೇ ಎಂಜಿನ್ ಆಯಿಲ್ ಬೆರೆಸಿ, ಪ್ರತಿ ತೂತಿಗೂ ಎರಡು ಮೂರು ಚಮಚ ಬಿಡಿ. ತೂತಿನ ಬಾಯಿಗೆ ಬಟ್ಟೆ ಮುಚ್ಚಿ ಒಂದು ವಾರ ಸುಮ್ನೆ ಇರಲಿ. ಆಮೇಲೆ ಟಾಪ್ ಗೇರಿಗೆ ಹಾಕಿ, ಇಬ್ಬರು ಸೇರಿ ಕಾರನ್ನು ಮೆಲ್ಲಗೆ ಹಿಂದೆ ಮುಂದೆ ಅಲ್ಲಾಡಿಸಿ. ಬ್ರೇಕ್ ಹಿಡಿದು ಗಾಲಿಯೇ ತಿರುಗದಿದ್ದರೆ ಗೇರ್ ನ್ಯೂಟ್ರಲ್ ಮಾಡಿ, ಎಂಜಿನ್ ಮುಂಭಾಗದ ಪುಲ್ಲಿಯ ನಟ್ಟಿಗೆ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ. ಕಣ್ಣು ಫ್ಯಾನ್ ಮೇಲಿರಲಿ. ಅದರ ರೆಕ್ಕೆ ಒಂದು ಬೆರಳಗಲ ಕದಲಿದರೂ ನಿಮ್ಮ ಎಂಜಿನ್‌ಗೆ ಜೀವ ಇದೆ. ಕದಲದಿದ್ದರೆ ಒತ್ತಾಯ ಮಾಡಬೇಡಿ, ಇನ್ನೊಂದು ವಾರ ನೆನೆಸಿ.

ಅಷ್ಟಾದರೂ ಬಿಡದಿದ್ದರೆ ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಬಿಚ್ಚಿಸಿ. ಇದು 1089 ಸಿಸಿಯ ನಾಲ್ಕು ಸಿಲಿಂಡರಿನ ಸರಳ ಎಂಜಿನ್. ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸುವುದು, ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಗ್ರೈಂಡ್ ಮಾಡಿಸಿ ಹೊಸ ಬೇರಿಂಗ್ ಕೂರಿಸುವುದು ಹಳೆಯ ಲೇತ್ ಕೆಲಸದವರಿಗೆ ಗೊತ್ತಿರುವ ಕೆಲಸವೇ. ಬಿಡಿಭಾಗ ಮೈಸೂರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ.

ಎಸ್ಟೀಮ್ ಎಂಜಿನ್ ಒಳ್ಳೆಯದೇ. ಆದರೆ ಅದು ಅಡ್ಡಡ್ಡ ಕೂತು ಮುಂದಿನ ಗಾಲಿ ತಿರುಗಿಸುವಂಥದ್ದು. ಪದ್ಮಿನಿಯಲ್ಲಿ ಎಂಜಿನ್ ಉದ್ದುದ್ದ ಕೂತು ಹಿಂದಿನ ಗಾಲಿ ತಿರುಗಿಸುತ್ತದೆ. ಹಾಗಾಗಿ ಜಿಪ್ಸಿಯಂಥ ಗಾಡಿಯ ಗೇರ್‌ಬಾಕ್ಸ್ ಹುಡುಕಬೇಕು. ಎಂಜಿನ್ ಕೂರುವ ಮೌಂಟ್ ಹೊಸದಾಗಿ ಮಾಡಿಸಬೇಕು, ಹಿಂದಿನ ಗಾಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿ ಬ್ಯಾಲೆನ್ಸ್ ಮಾಡಿಸಬೇಕು, ವೈರಿಂಗ್ ಬದಲಿಸಬೇಕು. ತಾತ ಸ್ಟೇರಿಂಗ್ ಪಕ್ಕದಲ್ಲಿ ಎಳೆಯುತ್ತಿದ್ದ ಗೇರ್ ಲಿವರ್ ಹೋಗಿ ಫ್ಲೋರಿಗೆ ತೂತು ಬೀಳುತ್ತದೆ. ಶಕ್ತಿ ಒಂದೂವರೆ ಪಟ್ಟಿಗೂ ಜಾಸ್ತಿಯಾಗುತ್ತದೆ, ಆದರೆ ನಾಲ್ಕೂ ಗಾಲಿಗೆ ಅದೇ ಹಳೆಯ ಡ್ರಮ್ ಬ್ರೇಕ್. ನನಗೆ ಹೆದರಿಕೆ ಇರುವುದು ಇಲ್ಲೇ.

ಕಾಗದಪತ್ರದ ವಿಷಯಕ್ಕೂ ಬರೋಣ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ ಕೂಡ 2019ರಲ್ಲಿ ಇದನ್ನೇ ಹೇಳಿದೆ. ಬೇರೆ ಎಂಜಿನ್ ಬೇಕೇ ಬೇಕು ಅನ್ನಿಸಿದರೆ ಬಿಚ್ಚುವ ಮೊದಲು ಮಂಡ್ಯ ಆರ್‌ಟಿಒ ಕಚೇರಿಯಲ್ಲಿ ಕೇಳಿ. ಆರ್‌ಸಿ ಇನ್ನೂ ತಾತನ ಹೆಸರಿನಲ್ಲೇ ಇದ್ದರೆ ಮೊದಲು ವಾರಸುದಾರರ ಹೆಸರಿಗೆ ಮಾಡಿಸಿ, ಅದಕ್ಕೆ ಫಾರಂ 31. ಆಮೇಲೆ ನೋಂದಣಿ ನವೀಕರಣ.

ಇನ್ನೊಂದು ಲೆಕ್ಕ ನೋಡಿ. 2021ರ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಕಾರಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ನಿಮ್ಮದಕ್ಕೆ 2028ಕ್ಕೆ 50 ತುಂಬುತ್ತದೆ! ಆದರೆ ಚಾಸಿಸ್, ಬಾಡಿ, ಎಂಜಿನ್ ಮಾರ್ಪಾಡಾಗಿರಬಾರದು. ವಿಂಟೇಜ್ ಆದ ಮೇಲೆ ದಿನನಿತ್ಯ ಓಡಿಸುವಂತಿಲ್ಲ ಎನ್ನುವುದೂ ನೆನಪಿರಲಿ. ಬಿಡುವಾದಾಗ ಶ್ರೀರಂಗಪಟ್ಟಣದ ಹತ್ತಿರದ ‘ಪಯಣ’ ಕಾರು ಮ್ಯೂಸಿಯಂ ನೋಡಿ ಬನ್ನಿ. ಮೂಲ ರೂಪದ ಬೆಲೆ ಕಣ್ಣಾರೆ ತಿಳಿಯುತ್ತದೆ.

ಎಂಜಿನ್ ನೆನೆಯುವ ಆ ವಾರದಲ್ಲಿ ನಿಮಗೊಂದು ಕೆಲಸ. ಪದ್ಮಿನಿಗೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಚಾಸಿಸ್. ಮ್ಯಾಟ್ ಎಲ್ಲ ಎತ್ತಿ, ಫ್ಲೋರನ್ನೂ ಬಾಗಿಲ ಕೆಳಗಿನ ಪಟ್ಟಿಯನ್ನೂ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋಗಿ. ಟಣ್ ಅಂದರೆ ತಗಡು ಗಟ್ಟಿ. ಮಂಕಾಗಿ ದಬ್ ಅಂದ ಕಡೆ ತುದಿಯಿಂದ ಚುಚ್ಚಿ. ಒಳಗೆ ಇಳಿದರೆ ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಗುರುತು ಜಾಸ್ತಿಯಾದರೆ ದುಡ್ಡು ಮೊದಲು ಟಿಂಕರಿಂಗಿಗೆ, ಆಮೇಲೆ ಬ್ರೇಕಿಗೆ, ಎಂಜಿನ್‌ಗೆ ಕೊನೆಗೆ.

ಪ್ರಶ್ನೆ: ನಮ್ಮ ಹಳೆಯ ಪೆಟ್ರೋಲ್ ಅಂಬಾಸಿಡರ್‌ಗೆ ಈಗ ಬಂಕಿನಲ್ಲಿ ಸಿಗುವ ಎಥನಾಲ್ ಬೆರೆಸಿದ ಪೆಟ್ರೋಲ್ ಹಾಕಬಹುದೇ?
– ಓದುಗರು, ಮೈಸೂರು

ಉತ್ತರ: ಹಾಕಬಹುದು, ಆದರೆ ರಬ್ಬರ್ ಸಾಮಾನುಗಳನ್ನು ಮೊದಲು ಬದಲಿಸಿ. ಇ20 ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇರುತ್ತದೆ. ಅದಕ್ಕೆ ಹಳೆಯ ಕಾಲದ ರಬ್ಬರ್ ಉಬ್ಬಿ ಬಿರುಕು ಬಿಡುತ್ತದೆ. ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಮ್, ಕಾರ್ಬುರೇಟರಿನ ಸೀಲು ಎಲ್ಲವನ್ನೂ ಎಥನಾಲ್ ತಡೆಯುವಂಥದ್ದೇ ಕೇಳಿ ಹಾಕಿಸಿ. ಎಥನಾಲ್ ನೀರಿನ ಪಸೆ ಹೀರುವುದರಿಂದ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಡಬೇಡಿ. ಹೊಸ ಪೈಪ್ ಹಾಕಿದ ಮೊದಲ ವಾರ ದಿನಾ ಬೆಳಿಗ್ಗೆ ಬಾನೆಟ್ ಎತ್ತಿ, ಪೈಪ್ ಸೇರುವ ಜಾಗಗಳನ್ನು ಬೆರಳಿಂದ ಮುಟ್ಟಿ ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಆ ದಿನ ಸ್ಟಾರ್ಟ್ ಮಾಡಬೇಡಿ.