ಹೆಸರಿಡದ ಕೂಸು ವಂಶಾವಳಿಯಲ್ಲಿ ಸಿಗುವುದಿಲ್ಲ

‘ನಮ್ಮ ಮನಿತನದಾಗ ಇಂಥಾದ್ದು ಎಂದೂ ಆಗಿಲ್ರಿ.’ ಸತ್ತು ಹುಟ್ಟಿದ ಮಗುವಿನ ನಂತರ ಆನುವಂಶಿಕ ಸಲಹೆಗೆ ಬರುವ ಕುಟುಂಬಗಳಲ್ಲಿ ಈ ಮಾತು ಮತ್ತೆ ಮತ್ತೆ ಕೇಳುತ್ತದೆ. ಅದರ ಭಾರ ಬೀಳುವುದು ಸೊಸೆಯ ಮೇಲೆ. ಅದಕ್ಕಾಗಿಯೇ ಈ ಪ್ರಕರಣವನ್ನು ಗುರುತು ಮರೆಸಿ ಬರೆಯುತ್ತಿದ್ದೇನೆ.

ಉತ್ತರ ಕರ್ನಾಟಕದ ಒಕ್ಕಲು ಮನೆತನ. ಹೆಂಡತಿ ಗಂಡನಿಗೆ ಸೋದರಮಾವನ ಮಗಳು. 31ನೇ ಮತ್ತು 29ನೇ ವಾರದಲ್ಲಿ ಎರಡು ಕೂಸುಗಳು ಹೊಟ್ಟೆಯಲ್ಲೇ ತೀರಿಕೊಂಡಿದ್ದವು. ಎರಡನೆಯದರ ಸ್ಕ್ಯಾನ್‌ನಲ್ಲಿ ಮೈಯೆಲ್ಲ ನೀರು ತುಂಬಿತ್ತು, ಅಂದರೆ ಹೈಡ್ರಾಪ್ಸ್. ತಾಯಿಯ ರಕ್ತದ ಗುಂಪು ಪಾಸಿಟಿವ್. ಬಿಪಿ, ಸಕ್ಕರೆ, ಥೈರಾಯ್ಡ್ ಸರಿ ಇದ್ದವು. 12 ವಾರಗಳ ಅಂತರದಲ್ಲಿ ಎರಡು ಸಲ ಮಾಡಿಸಿದ ಆಂಟಿಫಾಸ್ಫೊಲಿಪಿಡ್ ಪರೀಕ್ಷೆಯಲ್ಲೂ (ರಕ್ತ ಹೆಪ್ಪುಗಟ್ಟಿಸಿ ಬಸಿರು ಕೆಡಿಸುವ ಪ್ರತಿಕಾಯಗಳನ್ನು ಹುಡುಕುವ ಪರೀಕ್ಷೆ) ಏನೂ ಇರಲಿಲ್ಲ. ಎರಡೂ ಕೂಸುಗಳನ್ನು ಹೂಳಿದ್ದರು, ಪರೀಕ್ಷೆಗೆಂದು ಏನನ್ನೂ ಉಳಿಸಿಕೊಂಡಿರಲಿಲ್ಲ.

ಅತ್ತೆ ಸಾಕ್ಷಿಗೆಂದು, ಮನೆತನಗಳ ವಂಶಾವಳಿ ಬರೆದಿಡುವ ಹೆಳವರ ಪುಸ್ತಕದಿಂದ ಏಳು ತಲೆಮಾರು ನಕಲು ಮಾಡಿಸಿ ತಂದಿದ್ದರು. ಹೆಳವರ ದಾಖಲೆಯ ಮೇಲೆ ನನಗೆ ಗೌರವವಿದೆ. ಯಾರ ಮಗ ಯಾರು, ಮನೆತನ ಯಾವ ಊರಿನಿಂದ ಬಂತು ಎಂಬುದು ಅಲ್ಲಿ ಸಿಕ್ಕಷ್ಟು ಬೇರೆಡೆ ಸಿಗುವುದು ಕಷ್ಟ. ಆದರೆ ಈ ಪ್ರಶ್ನೆಗೆ ಆ ಹಾಳೆಯಲ್ಲಿ ಎರಡು ಕೊರತೆಗಳಿದ್ದವು. ಒಂದು, ಅದು ಗಂಡನ ತಂದೆಯ ಮನೆತನದ್ದು. ದಂಪತಿಗೆ ಇಬ್ಬರಿಗೂ ಸೇರಿದ ಹಿರಿಯರು ಇರುವುದು ಅತ್ತೆಯ ತವರಿನಲ್ಲಿ. ಇನ್ನೊಂದನ್ನು ಹೇಳಿದ್ದು, ಅಲ್ಲಿಯತನಕ ಬಾಗಿಲ ಬಳಿ ಸುಮ್ಮನೆ ಕೂತಿದ್ದ ಅಜ್ಜಿ. ಅತ್ತೆಗೆ ಹೆತ್ತ ತಾಯಿ, ಸೊಸೆಗೆ ತಂದೆಯ ತಾಯಿ.

‘ಹೆಸರ ಇಡದ ಕೂಸಿನ್ನ ಹೆಳವ ಹೆಂಗ ಬರಕೊಂತಾನ್ರಿ? ನನ್ನವೂ ಎರಡ ಹೋಗ್ಯಾವ. ಒಂದರ ಮೈಯೆಲ್ಲಾ ಬಾತಿತ್ತು.’

ಮಗಳಿಗೇ ಗೊತ್ತಿರದ ಸಂಗತಿ. ಅಜ್ಜಿ ಮತ್ತು ಆಕೆಯ ಗಂಡ ಕೂಡ ಅತ್ತೆ-ಮಾವನ ಮಕ್ಕಳೇ. ಅಲ್ಲಿಂದ ವಂಶಾವಳಿಯ ನಕ್ಷೆಯನ್ನು ಮೊದಲಿನಿಂದ ಬರೆದೆವು. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಲಿಂಗ ಗೊತ್ತಿಲ್ಲದಿದ್ದರೆ ವಜ್ರಾಕೃತಿ. ಸತ್ತು ಹುಟ್ಟಿದ್ದರೆ ಅಡ್ಡಗೆರೆ, ಕೆಳಗೆ ವಾರ. ಬೇಗನೆ ಗರ್ಭ ಇಳಿದಿದ್ದರೆ ತ್ರಿಕೋನ. ರಕ್ತಸಂಬಂಧದ ಮದುವೆಗೆ ಜೋಡಿಗೆರೆ. ‘ಮಕ್ಕಳೆಷ್ಟು?’ ಎಂದು ಕೇಳಬಾರದು, ಉಳಿದವರನ್ನಷ್ಟೇ ಹೇಳುತ್ತಾರೆ. ‘ಎಷ್ಟು ಸಲ ಬಸುರಾದಿರಿ? ಪ್ರತಿಯೊಂದೂ ಏನಾಯಿತು?’ ಎಂದು ಹಿರಿಯ ಹೆಂಗಸರನ್ನು ಒಬ್ಬೊಬ್ಬರಾಗಿ, ಎರಡೂ ಕಡೆ ಕೇಳಬೇಕು.

ಗಂಡಿನ ಕಡೆಯನ್ನು ಯಾಕೆ ಕೆದಕುತ್ತೀರಿ ಎಂಬ ಆಕ್ಷೇಪ ನನಗೆ ಹೊಸದಲ್ಲ. ಅಮೆರಿಕದ ಯೂಟಾದಲ್ಲಿ ವಂಶಾವಳಿಗಳನ್ನು ಜನನ ಮತ್ತು ಭ್ರೂಣಮರಣದ ಪ್ರಮಾಣಪತ್ರಗಳಿಗೆ ಜೋಡಿಸಿದ ದೊಡ್ಡ ದತ್ತಸಂಚಯವಿದೆ. 1978ರಿಂದ 2019ರವರೆಗಿನ ಪ್ರಕರಣಗಳನ್ನು ಅದರಲ್ಲಿ ನೋಡಿದಾಗ 390 ಕುಟುಂಬಗಳಲ್ಲಿ ನಿರೀಕ್ಷೆಗಿಂತ ಹೆಚ್ಚು ಮೃತಜನನಗಳು ಕಂಡವು. ಅಪಾಯ ಗಂಡಸರ ಮೂಲಕವೂ ಹರಿಯುವ ಸೂಚನೆ ಸಿಕ್ಕಿತು. ಅಲ್ಲಿ ಅದು ಸಾಧ್ಯವಾದದ್ದು ಸತ್ತು ಹುಟ್ಟಿದ ಮಗುವಿಗೂ ಒಂದು ಕಾಗದ ಇದ್ದುದರಿಂದ.

ಕೊಟ್ಟ ಸಲಹೆ ಹೀಗಿತ್ತು. ನಕ್ಷೆ ಅಪ್ರಭಾವಿ ಕಾಯಿಲೆಯನ್ನು, ಅಂದರೆ ತಂದೆ ತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬಂದರೆ ಮಾತ್ರ ಕೂಸಿಗೆ ತಗಲುವ ಕಾಯಿಲೆಯನ್ನು ಸೂಚಿಸುತ್ತದೆ, ಸಾಬೀತು ಮಾಡುವುದಿಲ್ಲ. ಅದು ನಿಜವಾಗಿದ್ದರೆ ದೋಷ ಇಬ್ಬರಿಂದಲೂ ಸಮನಾಗಿ ಬಂದಿರುತ್ತದೆ, ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಪಾಲು ಅಪಾಯ. ಇದನ್ನು ಅತ್ತೆಯ ಎದುರಲ್ಲೇ ಹೇಳಿದೆ. ಬೇರೆಯಾಗಿ ಹೇಳಬೇಕಿತ್ತು ಎನ್ನುವವರಿದ್ದಾರೆ. ದೂರು ಎಲ್ಲರೆದುರು ಬಂದಿರುವಾಗ ಉತ್ತರ ಗುಟ್ಟಾಗಿ ಹೋದರೆ ಸೊಸೆಗೆ ಪ್ರಯೋಜನವಿಲ್ಲ. ಅದಕ್ಕೆ ಮೊದಲು ಆಕೆಯನ್ನು ಒಬ್ಬಳನ್ನೇ ಕೂರಿಸಿ ಒಪ್ಪಿಗೆ ಪಡೆದಿದ್ದೆ.

ಗಂಡ ಹೆಂಡತಿ ಇಬ್ಬರ ರಕ್ತವನ್ನೂ ಇಡಿಟಿಎ ಟ್ಯೂಬಿನಲ್ಲಿ (ರಕ್ತ ಹೆಪ್ಪುಗಟ್ಟದಂತೆ ಇಡುವ ಟ್ಯೂಬು) ವಾಹಕ ಪರೀಕ್ಷೆಗೆ, ಅಂದರೆ ತಮಗೆ ಕಾಯಿಲೆ ಇಲ್ಲದೆಯೂ ದೋಷವಿರುವ ಜೀನನ್ನು ಹೊತ್ತಿದ್ದಾರೆಯೇ ಎಂದು ನೋಡಲು ಕಳಿಸಿದೆವು. ಒಂದೇ ಜೀನಿನ ದೋಷ ಇಬ್ಬರಲ್ಲೂ ಸಿಕ್ಕರೆ ಮುಂದಿನ ಬಸಿರಿನಲ್ಲಿ 11ರಿಂದ 13 ವಾರದೊಳಗೆ ಮಾಸಿನ (ಪ್ಲಾಸೆಂಟಾ) ಚೂರು ತೆಗೆದು ನೋಡಬಹುದು. ಏನೂ ಸಿಗದಿದ್ದರೆ 12ನೇ ವಾರದಿಂದಲೇ ಹೈಡ್ರಾಪ್ಸ್‌ಗಾಗಿ ಮೇಲಿಂದ ಮೇಲೆ ಸ್ಕ್ಯಾನ್. ಮತ್ತೆ ಕೂಸು ಹೋದರೆ ಹೂಳುವ ಮೊದಲು ಫೋಟೊ, ಎಕ್ಸ್‌ರೇ, ಸಾಧ್ಯವಾದರೆ ಶವಪರೀಕ್ಷೆ ಆಗಬೇಕು. ಹೊಕ್ಕುಳಬಳ್ಳಿಯ ಚೂರನ್ನು ಸ್ಟೆರೈಲ್ ಸಲೈನ್‌ನಲ್ಲಿ ಇಡಬೇಕು. ಹೆಚ್ಚಿನ ಕಡೆ ತಪ್ಪುವುದು ಇಲ್ಲೇ: ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಿಬಿಡುತ್ತಾರೆ, ಡಿಎನ್‌ಎ ಕೆಟ್ಟುಹೋಗುತ್ತದೆ. ಫಾರ್ಮಲಿನ್ ಬೇಕಾಗಿರುವುದು ಮಾಸಿನ ಸೂಕ್ಷ್ಮದರ್ಶಕ ಪರೀಕ್ಷೆಗೆ.

ಹೊರಡುವಾಗ ಇನ್ನೊಂದು ವಿಷಯ ತಿಳಿಯಿತು. ಸೊಸೆಯ ತಂಗಿಯನ್ನು ಮೈದುನನಿಗೆ ತಂದುಕೊಳ್ಳುವ ಮಾತುಕತೆ ನಡೆದಿತ್ತು. ಅವರಿಬ್ಬರ ರಕ್ತವನ್ನೂ ನೋಡಿಸಿ, ಆಮೇಲೆ ತೀರ್ಮಾನಿಸಿ ಎಂದೆ. ಅತ್ತೆ ಉತ್ತರಿಸಲಿಲ್ಲ. ಅಜ್ಜಿಯೇ ಹೇಳಿದರು: ‘ವರದಿ ಬರೂತನಕ ವೀಳ್ಯ ಬ್ಯಾಡ.’