ಖಾತೆ ಸಂಖ್ಯೆಯ ಕೊನೆಯ ಅಂಕಿ ಏಕೆ ಬದಲಾಗುತ್ತದೆ?

ಪ್ರಶ್ನೆ: ನಮ್ಮೂರ ಹಾಲು ಉತ್ಪಾದಕರ ಸಹಕಾರ ಸಂಘದ ಬಟವಾಡೆ ಪಟ್ಟಿಗಾಗಿ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆದಿದ್ದೇನೆ. ಲೀಟರ್, ಫ್ಯಾಟ್, ಬ್ಯಾಂಕ್ ಖಾತೆ ಸಂಖ್ಯೆ ಎಲ್ಲವನ್ನೂ ‘ಎಟಾಫ್’ (ಪಠ್ಯವನ್ನು ಸಂಖ್ಯೆಯಾಗಿಸುವ ಫಂಕ್ಷನ್) ಮೂಲಕ ಡಬಲ್‌ಗೆ (ದಶಮಾಂಶ ಸಂಖ್ಯೆ ಹಿಡಿಯುವ ವಿಧ) ಓದಿಸುತ್ತೇನೆ. 12345678901234567 ಎಂದು ಕೊಟ್ಟರೆ ಕೊನೆಯ 67 ಹೋಗಿ 68 ಆಗುತ್ತದೆ. ಕೆಲವು ಸದಸ್ಯರದು ಮಾತ್ರ ಸರಿಯಾಗಿಯೇ ಬರುತ್ತದೆ. ಲಾಂಗ್ ಡಬಲ್ ಬಳಸಿದರೆ ಸರಿಹೋದೀತೇ?
– ಬಿ.ಇ. ವಿದ್ಯಾರ್ಥಿ, ಮದ್ದೂರು, ಮಂಡ್ಯ ಜಿಲ್ಲೆ

ಉತ್ತರ: ಸರಿಯಾಗಿ ಬಂದವನ್ನು ಇನ್ನೊಮ್ಮೆ ನೋಡಿ. ನಿಮ್ಮ ಉದಾಹರಣೆಯಂತೆ 12ರಿಂದ ಶುರುವಾಗುವ ಹದಿನೇಳು ಅಂಕಿಯವಾದರೆ, ಅವೆಲ್ಲ ಸರಿಸಂಖ್ಯೆಗಳೇ ಆಗಿರುತ್ತವೆ. ಕೆಟ್ಟಿರುವುದು ಬೆಸಸಂಖ್ಯೆಗಳು ಮಾತ್ರ.

ಡಬಲ್‌ಗೆ ಇರುವುದು 64 ಬಿಟ್. ಐಇಇಇ 754 ಮಾನದಂಡದಂತೆ ಅದರಲ್ಲಿ 1 ಚಿಹ್ನೆಗೆ, 11 ಘಾತಕ್ಕೆ ಹೋಗಿ, ಸಂಖ್ಯೆಯ ಅಂಕಿಗಳಿಗೆ ಉಳಿಯುವುದು 52. ಬರೆಯದೆಯೇ ಇದೆಯೆಂದು ಇಟ್ಟುಕೊಳ್ಳುವ ಒಂದು ಬಿಟ್ ಸೇರಿದರೆ 53. ಹಾಗಾಗಿ 9007199254740992ರವರೆಗೆ ಪೂರ್ಣಾಂಕಗಳು ಒಂದೂ ತಪ್ಪದೆ ಸಿಗುತ್ತವೆ. ಅಲ್ಲಿಂದಾಚೆ ಹೆಜ್ಜೆ ಎರಡೆರಡು, ಅಂದರೆ ಸರಿಸಂಖ್ಯೆಗಳು ಮಾತ್ರ ಸಿಗುತ್ತವೆ. 18014398509481984 ದಾಟಿದರೆ ನಾಲ್ಕುನಾಲ್ಕು. 9ರಿಂದ ಶುರುವಾಗುವ ಹದಿನೇಳಂಕಿಯ ಸಂಖ್ಯೆಗಳಲ್ಲಂತೂ ಹೆಜ್ಜೆ 16. ನಿಮ್ಮ 67 ಇರುವುದು 66 ಮತ್ತು 68ರ ಸರಿಮಧ್ಯದಲ್ಲಿ. ಇಂಥ ಕಡೆ ಆ 53ರಲ್ಲಿ ಕೊನೆಯ ಬಿಟ್ ಸೊನ್ನೆಯಾಗುವುದನ್ನು ಆರಿಸಬೇಕೆಂಬುದು ನಿಯಮ, ಅದು 68. ಎಟಾಫ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ, ಆದ್ದರಿಂದ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಆಮೇಲೆ ಲಾಂಗ್ ಲಾಂಗ್‌ಗೆ (ಪೂರ್ಣಾಂಕದ ವಿಧ) ಬದಲಿಸಿದರೂ ಹೋದ ಅಂಕಿ ಮರಳದು. (ಡಬಲ್‌ನ ಅರ್ಧದಷ್ಟು, ಅಂದರೆ 32 ಬಿಟ್‌ನ ಫ್ಲೋಟ್ ಆಗಿದ್ದರೆ 16777217ಕ್ಕೇ ಎಡವುತ್ತಿತ್ತು.)

ಲಾಂಗ್ ಡಬಲ್ ಬೇಡ. ಇಂಟೆಲ್ ಪ್ರೊಸೆಸರಿನ ಲಿನಕ್ಸ್‌ನಲ್ಲಿ ಜಿಸಿಸಿ ಕಂಪೈಲರ್ ಅದಕ್ಕೆ, ಡಬಲ್‌ನ 53ರ ಬದಲು, 64 ಬಿಟ್ ನಿಖರತೆ ಕೊಡುತ್ತದೆ. ಮೈಕ್ರೋಸಾಫ್ಟ್ ಕಂಪೈಲರ್‌ನಲ್ಲಿ ಅದೂ ಮಾಮೂಲಿ ಡಬಲ್ಲೇ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಸರಿಯಿದ್ದು ಸಂಘದ ಕಂಪ್ಯೂಟರಿನಲ್ಲಿ ಕೆಟ್ಟರೆ ಹುಡುಕುವುದು ಇನ್ನೂ ಕಷ್ಟ.

ಹಾಗೆಂದು ಡಬಲ್ ಎಲ್ಲೆಡೆಯೂ ಬೇಡವೆಂದಲ್ಲ. ಕನ್ನಂಬಾಡಿ ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ. ಡಬಲ್ ಇದನ್ನೂ ಕರಾರುವಾಕ್ಕಾಗಿ ಹಿಡಿಯಲಾರದು, ಆದರೆ ಅಷ್ಟು ಸಣ್ಣ ವ್ಯತ್ಯಾಸದಿಂದ ಯಾರಿಗೂ ನಷ್ಟವಿಲ್ಲ. ಫ್ಯಾಟ್, ಲೀಟರ್ ಕೂಡ ಹೀಗೆ ಅಳೆದು ಬಂದವು, ಅವು ಡಬಲ್‌ನಲ್ಲೇ ಇರಲಿ. ಖಾತೆ ಸಂಖ್ಯೆಯನ್ನು ಯಾರೂ ಕೂಡಿ ಕಳೆಯುವುದಿಲ್ಲ. ಅದನ್ನು ಕ್ಯಾರ್ ಅರೇಯಲ್ಲಿ (ಅಕ್ಷರಗಳ ಸಾಲು) ಪಠ್ಯವಾಗಿಯೇ ಇಟ್ಟು, ಅಂಕಿಗಳ ಎಣಿಕೆಯನ್ನಷ್ಟೇ ಪರೀಕ್ಷಿಸಿ. ಆರಂಭದ ಸೊನ್ನೆಗಳೂ ಉಳಿಯುತ್ತವೆ. ದುಡ್ಡನ್ನು ಪೈಸೆ ಲೆಕ್ಕದಲ್ಲಿ ಲಾಂಗ್ ಲಾಂಗ್ ಆಗಿ ಇಡಿ, ಓದಲು ‘ಎಸ್‌ಟಿಆರ್‌ಟಿಓಎಲ್‌ಎಲ್’ ಬಳಸಿ. ಅದರ ಮೂರನೆಯ ಆರ್ಗ್ಯುಮೆಂಟ್ 10 (ಹತ್ತರ ಪದ್ಧತಿ) ಇರಲಿ. 0 ಕೊಟ್ಟರೆ ಸೊನ್ನೆಯಿಂದ ಶುರುವಾಗುವ ಸಂಖ್ಯೆಯನ್ನು ಎಂಟರ ಪದ್ಧತಿಯಲ್ಲಿ ಓದಿಬಿಡುತ್ತದೆ. ಓದಿದ ಮೇಲೆ ‘ಎರ್‌ನೋ’ (ದೋಷವನ್ನು ತಿಳಿಸುವ ಸಂಖ್ಯೆ) ನೋಡುವುದನ್ನು ಬಿಡಬೇಡಿ.

ಇಷ್ಟು ಮಾಡಿದರೂ ಒಂದು ಕಡೆ ಕೆಡಬಹುದು. ಕಾರ್ಯದರ್ಶಿಗಳು ನಿಮ್ಮ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಟ್ಟಿಯ) ಫೈಲನ್ನು ಎಕ್ಸೆಲ್‌ನಲ್ಲಿ ನೇರವಾಗಿ ತೆರೆದು ಸೇವ್ ಮಾಡಿದರೆ, ಅದು 15 ಅಂಕಿ ಉಳಿಸಿಕೊಂಡು ಮಿಕ್ಕವನ್ನು ಸೊನ್ನೆ ಮಾಡುತ್ತದೆ. ಆ ಕಾಲಂ ಅನ್ನು ಟೆಕ್ಸ್ಟ್ ಎಂದು ಆರಿಸಿ ಇಂಪೋರ್ಟ್ ಮಾಡುವುದನ್ನು ಅವರಿಗೆ ತೋರಿಸಿಕೊಡಿ.